ಕಲ್ಲಿನ ಹಿಂದಿನ ಮೀನು

"ಗುರುಗಳೇ, ಎಲ್ಲರೂ ಮುರಿದ ನಿಯಮವನ್ನು ನಾನೊಬ್ಬನೇ ಯಾಕೆ ಪಾಲಿಸಬೇಕು?" ಎಂದು ಚಿದಂಬರ ಕೇಳಿದ.

ಆ ವೀಣೆಯ ಮನೆಯಲ್ಲಿ ನಿಯಮ ಇದ್ದದ್ದು ಒಂದೇ. ಗುರುಗಳು ಹೇಳುವ ತನಕ ಯಾರೂ ಸ್ವಂತಕ್ಕೆ ಶಿಷ್ಯರನ್ನು ತೆಗೆದುಕೊಳ್ಳಬಾರದು. ಚಿದಂಬರನ ಜೊತೆ ಕಲಿತವರೆಲ್ಲ ಅದನ್ನು ಮುರಿದಿದ್ದರು. ಒಬ್ಬ ಮನೆಯ ಮಹಡಿಯ ಮೇಲೆ ಪಾಠ ಶುರು ಮಾಡಿದ್ದ. ಇನ್ನೊಬ್ಬ ಬೋರ್ಡನ್ನೇ ಹಾಕಿಸಿದ್ದ. ಚಿದಂಬರ ಮಾತ್ರ ಕಾದಿದ್ದ. ಆದರೆ ಹೋದ ವಾರ ಒಬ್ಬ ಹುಡುಗಿ ಕಲಿಯಬೇಕೆಂದು ತಾಯಿಯ ಜೊತೆ ಅವನಲ್ಲಿಗೆ ಬಂದಿದ್ದಳು. ಅವನು ನುಡಿಸಿದ ಒಂದು ಸಾಲನ್ನು ಕೇಳಿ, ಯಾರೂ ಹೇಳದೆ, ಒಂದು ಗಮಕವನ್ನೂ ಬಿಡದೆ ಹಾಡಿ ತೋರಿಸಿದ್ದಳು. ಅಂದಿನಿಂದ ಅವನಿಗೆ ಊಟ ರುಚಿಸಿರಲಿಲ್ಲ. ತಾಯಿ ಮಗಳು ನಾಳೆ ಮತ್ತೆ ಬರುವವರಿದ್ದರು.

ಗುರುಗಳ ಕೈ ನಡುಗತೊಡಗಿದ ಮೇಲೆ ಅವರು ಹೊಸಬರಿಗೆ ಪಾಠ ಹೇಳುವುದನ್ನು ನಿಲ್ಲಿಸಿದ್ದರು. ಊರಿನಲ್ಲಿ ಕಲಿಸಬಲ್ಲವರು ಇನ್ನೊಬ್ಬರಿದ್ದರು, ಗುರುಗಳ ಮೊದಲ ಶಿಷ್ಯೆ ತುಂಗಮ್ಮ. ಆಕೆ ಕಛೇರಿ ಬಿಟ್ಟು, ಬಾಗಿಲು ಮುಂದೆ ಮಾಡಿಕೊಂಡು, ತನ್ನ ಪಾಡಿಗೆ ತಾನು ನುಡಿಸಿಕೊಂಡಿದ್ದರು. ತನಗೆ ಯಾರೂ ಬೇಡ ಎನ್ನುತ್ತಿದ್ದರು. ಬೇಡ ಎನ್ನುವವರ ಮನೆಗೆ ಯಾರೂ ಮಕ್ಕಳನ್ನು ಕಳಿಸುತ್ತಿರಲಿಲ್ಲ.

"ನನ್ನಷ್ಟು ಹಂಬಲಿಸಿದವರು ಬೇರೆ ಯಾರಿದ್ದಾರೆ?" ಎಂದ ಚಿದಂಬರ. "ಹಂಬಲವೇ ಅರ್ಹತೆ ಅಲ್ಲವೇ?"

ಗುರುಗಳು ವೀಣೆಗೆ ಗವಸು ಹೊದಿಸಿ, ಅದನ್ನು ಗೋಡೆಗೆ ಒರಗಿಸಿ, ಈ ಕತೆ ಹೇಳಿದರು.

ಕಡಲ ದಂಡೆಯ ಒಂದು ಊರಿನಲ್ಲಿ ಕೆಲವರು ಮನೆಯೊಳಗೆ ದೊಡ್ಡ ಗಾಜಿನ ತೊಟ್ಟಿ ಇಟ್ಟು, ಉಪ್ಪುನೀರು ತುಂಬಿ, ಕಲ್ಲು ಜೋಡಿಸಿ, ಹವಳ ಬೆಳೆಸಿ, ಕಡಲ ಮೀನು ಸಾಕುತ್ತಿದ್ದರು. ಅವರದೊಂದು ಕೂಟವಿತ್ತು. ಆ ಕೂಟಕ್ಕೂ ಒಂದು ನಿಯಮವಿತ್ತು. ತೊಟ್ಟಿ ಸಿದ್ಧವಾಗುವ ತನಕ ಮ್ಯಾಂಡರಿನ್ ಎಂಬ ಮೀನನ್ನು ತರಬಾರದು.

ತೊಟ್ಟಿ ಸಿದ್ಧ ಎಂದರೆ ನೀರು ತಿಳಿಯಾಗುವುದಲ್ಲ. ಈ ಮೀನು ಡಬ್ಬಿಯ ಆಹಾರವನ್ನು ಮೂಸಿಯೂ ನೋಡುವುದಿಲ್ಲ. ಕಲ್ಲಿನ ಸಂದಿನಲ್ಲಿ ಹುಟ್ಟಿ ಬೆಳೆಯುವ, ಕಂಡೂ ಕಾಣದಷ್ಟು ಸಣ್ಣ ಬಿಳಿ ಜೀವಗಳೇ ಅದರ ಊಟ. ನೋಡುವುದಕ್ಕೆ ರವೆಯಂತೆ ಇರುವುದರಿಂದ ಕೂಟದವರು ಅವನ್ನು ರವೆ ಎಂದೇ ಕರೆಯುತ್ತಿದ್ದರು. ಮೀನಿನ ಬಾಯಿ ಚಿಕ್ಕದು. ಬೆಳಗಿನಿಂದ ಸಂಜೆಯ ತನಕ ಒಂದೊಂದೇ ಹೆಕ್ಕಿ ತಿನ್ನುತ್ತಲೇ ಇದ್ದರೆ ಮಾತ್ರ ಅದು ಬದುಕುತ್ತದೆ. ಬೆಳಿಗ್ಗೆ ತೊಟ್ಟಿಯ ದೀಪ ಹಾಕುವ ಮೊದಲು ಟಾರ್ಚು ಬಿಟ್ಟು ನೋಡಬೇಕು. ಗಾಜಿನ ಮೇಲೆಲ್ಲ ರವೆ ಹರಿದಾಡುತ್ತಿರಬೇಕು. ಒಂದು ದಿನ ಕಂಡರೆ ಸಾಲದು. ಮಳೆಗಾಲ ಬೇಸಗೆ ಎನ್ನದೆ, ಒಂದು ವಾರವೂ ತಪ್ಪದೆ, ವರ್ಷ ಪೂರ್ತಿ ಕಾಣಬೇಕು. ಆಗ ತೊಟ್ಟಿ ಸಿದ್ಧ.

ಈ ನಿಯಮವನ್ನು ಹೊಸಬರಿಗೆ ಹೇಳಿಕೊಡದವರು ಕೂಟದಲ್ಲಿ ಯಾರೂ ಇರಲಿಲ್ಲ. ಪಾಲಿಸಿದವರೂ ಯಾರೂ ಇರಲಿಲ್ಲ.

ಯಾರಾದರೂ ಮ್ಯಾಂಡರಿನ್ ತಂದರೆ ಕೂಟದವರೆಲ್ಲ ಅವರ ಮನೆಗೆ ಹೋಗುತ್ತಿದ್ದರು. ಹೆಣ್ಣು ನೋಡಲು ಹೋದ ಹಾಗೆ ಸಾಲಾಗಿ ಕೂತು, ಕಾಫಿ ಕುಡಿದು, ಮೀನು ನೋಡುತ್ತಿದ್ದರು. ನೀಲಿಗೆ ಕಿತ್ತಳೆ ಗೆರೆಯ ಮದುವೆ ಸೀರೆಯ ಸೆರಗೊಂದು ಕಲ್ಲಿನ ಮೇಲೆ ನಡೆದಾಡಿದಂತೆ ಅದು ನಡೆದಾಡುತ್ತಿತ್ತು. ಎರಡು ಹೆಜ್ಜೆ ಇಟ್ಟು ನಿಲ್ಲುವುದು, ಕಲ್ಲನ್ನು ಕುಟುಕುವುದು, ಮತ್ತೆರಡು ಹೆಜ್ಜೆ. ಎಷ್ಟು ಚೆನ್ನಾಗಿ ತಿನ್ನುತ್ತಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಕಲ್ಲಿನಲ್ಲಿ ರವೆ ಇದ್ದರೂ ಅದು ಕುಟುಕುತ್ತದೆ, ಇಲ್ಲದಿದ್ದರೂ ಕುಟುಕುತ್ತದೆ. ಇದ್ದದ್ದೆಲ್ಲ ತೀರಿದ ಮೇಲೂ ಅದು ಅಷ್ಟೇ ಶ್ರದ್ಧೆಯಿಂದ ಬರಿಗಲ್ಲನ್ನು ಕುಟುಕುತ್ತಿತ್ತು. ನೋಡುವವರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮೊದಲು ತಲೆಯ ಹಿಂದೆ ಸಣ್ಣ ತಗ್ಗು. ಆಮೇಲೆ ಹೊಟ್ಟೆ ಒಳಕ್ಕೆ. ಬಣ್ಣ ಮಾತ್ರ ಕೊನೆಯ ತನಕ ಹಾಗೇ ಇರುತ್ತಿತ್ತು. ಒಂದು ದಿನ ಮೀನು ಕಾಣುತ್ತಿರಲಿಲ್ಲ.

ಎಲ್ಲಿ ಮೀನು ಎಂದು ಯಾರಾದರೂ ಕೇಳಿದರೆ, ಕಲ್ಲಿನ ಹಿಂದೆ ಇದೆ ಎನ್ನುತ್ತಿದ್ದರು. ಹಾಗೆಂದ ಮೇಲೆ ಮತ್ತೆ ಕೇಳಬಾರದು ಎಂಬುದು ಕೂಟದಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ನಡೆದು ಬಂದ ಪದ್ಧತಿ. ಸತ್ತಿತು ಎಂಬ ಮಾತನ್ನು ಅಲ್ಲಿ ಯಾರೂ ಆಡಿದ್ದೇ ಇಲ್ಲ. ಎಲ್ಲರ ಮನೆಯಲ್ಲೂ ಕಲ್ಲಿನ ಹಿಂದೆ ಒಂದು ಮೀನಿತ್ತು.

ಕೂಟದ ವಕೀಲನ ಮನೆಯಲ್ಲಂತೂ ಎರಡಿದ್ದವು. ಅವನು ಒಂದು ಹಳೆಯ ತೊಟ್ಟಿಯ ಕಲ್ಲುಗಳನ್ನು ಕಿತ್ತು ತಂದು ತನ್ನದರಲ್ಲಿ ಜೋಡಿಸಿದ್ದ. ನಿಯಮದಲ್ಲಿ ಹೇಳಿದ ವರ್ಷವನ್ನು ಎಣಿಸುವಾಗ ಕಲ್ಲಿನ ಹಳೆಯ ಸರ್ವಿಸನ್ನೂ ಸೇರಿಸಬೇಕು ಎಂದು ವಾದಿಸಿ, ಕೂಟದವರ ಬಾಯಿ ಮುಚ್ಚಿಸಿ, ಮೀನು ತಂದ. ಕಿತ್ತ ಕಲ್ಲಿನ ಸಂದುಗಳಲ್ಲಿದ್ದ ಜೀವ ದಾರಿಯಲ್ಲೇ ಅರ್ಧ ಸತ್ತಿತ್ತು. ವಾದ ಗೆದ್ದಿತು. ಮೀನು ಕಲ್ಲಿನ ಹಿಂದೆ ಹೋಯಿತು.

ಮೀನು ತರದೆ ಕಾದವನು ಆ ಕೂಟದಲ್ಲಿ ಒಬ್ಬನೇ, ಕನ್ನಡಕದ ಅಂಗಡಿಯವನು. ಹುಡುಗನಾಗಿದ್ದಾಗ ಬೇರೆ ಊರಿನಲ್ಲಿ ಗಾಜು ತಿಕ್ಕುವ ಕೆಲಸ ಕಲಿಯುತ್ತಿದ್ದ. ಅಲ್ಲಿ ಒಂದು ದೊಡ್ಡ ಹೋಟೆಲಿನ ತೊಟ್ಟಿಯಲ್ಲಿ ಈ ಮೀನನ್ನು ನೋಡಿದ್ದ. ಕಾವಲುಗಾರ ಬಂದು ತೋಳು ಹಿಡಿದು ಹೊರಗೆ ಕಳಿಸುವ ತನಕ ನೋಡುತ್ತಾ ನಿಂತಿದ್ದ. ಆಮೇಲೆ ಮದುವೆಯಾಯಿತು, ಮಗಳಾದಳು, ಅಂಗಡಿಯಾಯಿತು, ಕೊನೆಗೆ ತೊಟ್ಟಿಯೂ ಆಯಿತು. ಅವನು ತೊಟ್ಟಿ ಕಟ್ಟಿದ್ದೇ ಆ ಮೀನಿಗಾಗಿ. ಕಲ್ಲು ಜೋಡಿಸುವಾಗ ನಡುವೆ ಒಂದು ತಗ್ಗು ಕಮಾನು ಬಿಟ್ಟಿದ್ದ. ಬೇರೆ ಮೀನುಗಳನ್ನು ತಂದರೆ ರವೆಯನ್ನು ಅವೇ ತಿಂದುಬಿಡುತ್ತವೆ ಎಂದು ಏನನ್ನೂ ತಂದಿರಲಿಲ್ಲ. ಬಂದವರೆಲ್ಲ ಆ ಕಮಾನಿನಲ್ಲಿ ಏನಿದೆ ಎಂದು ಬಗ್ಗಿ ನೋಡುತ್ತಿದ್ದರು. ಅವನ ಹೆಂಡತಿ ಅದಕ್ಕೆ ಅಳಿಯನ ಕೋಣೆ ಎಂದು ಹೆಸರಿಟ್ಟಿದ್ದಳು. ಬಾರದ ಅಳಿಯನಿಗೆ ಕೋಣೆ ಕಟ್ಟಿಸಿದ ಮಾವ ಜಗತ್ತಿನಲ್ಲೇ ಇವರೊಬ್ಬರು ಎಂದು ನೆಂಟರ ಮುಂದೆ ಹೇಳಿ ನಗುತ್ತಿದ್ದಳು.

ಅವನ ತೊಟ್ಟಿ ಸಿದ್ಧವಾಗದೆ ಇರುವುದಕ್ಕೆ ಕಾರಣ ಅವನೇ. ಗಾಜಿನ ಮೇಲೆ ಒಂದು ಮಬ್ಬು ಕಂಡರೂ ಒರೆಸದೆ ಬಿಡುವುದು ಅವನ ಕೈಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಕೋಲಿಗೆ ಕಟ್ಟಿದ ಸ್ಪಂಜಿನಿಂದ ತೊಟ್ಟಿಯ ಒಳಗಾಜನ್ನು ಒರೆಸುತ್ತಿದ್ದ. ರವೆ ಮೇಯುವುದು ಗಾಜಿನ ಮೇಲೆ ಕಟ್ಟುವ ತೆಳು ಪಾಚಿಯನ್ನು. ಅದನ್ನೇ ಒರೆಸಿ ತೆಗೆಯುತ್ತಿದ್ದೇನೆ ಎಂದು ತಿಳಿಯುವಷ್ಟರಲ್ಲಿ ಬಹಳ ಕಾಲ ಹೋಗಿತ್ತು. ತಿಳಿದ ಮೇಲೆ ಸ್ಪಂಜನ್ನು ಅಟ್ಟಕ್ಕೆ ಹಾಕಿದ. ತೊಟ್ಟಿಯ ಮುಂದೆ ನಿಲ್ಲುವಾಗ ಕೈ ಹಿಂದಕ್ಕೆ ಕಟ್ಟಿ ನಿಲ್ಲತೊಡಗಿದ. ನಿಧಾನವಾಗಿ ರವೆ ಬಂತು. ದಿನ ಎಣಿಸತೊಡಗಿದ. ವರ್ಷ ತುಂಬಲು ಇನ್ನೇನು ಸ್ವಲ್ಪ ಉಳಿದಿದೆ ಎನ್ನುವಾಗ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹಜಾರದ ನಡುವೆ ಹಸಿರುಗಟ್ಟಿದ ಗಾಜು ನೋಡಿ ಅವರು ಏನೆಂದುಕೊಂಡಾರು ಎಂದಳು ಹೆಂಡತಿ. ಅವನು ಅಟ್ಟ ಹತ್ತಿ ಸ್ಪಂಜು ಇಳಿಸಿದ. ಸಂಬಂಧ ಕೂಡಿ ಬರಲಿಲ್ಲ. ರವೆಯೂ ಹೋಯಿತು. ಎಣಿಕೆ ಮೊದಲಿನಿಂದ.

ವಾರದ ಮಟ್ಟಿಗಿನ ಇಂಥ ವಿಳಂಬವನ್ನು ಯಾವ ಕೋರ್ಟಾದರೂ ಮನ್ನಿಸುತ್ತದೆ ಎಂದು ವಕೀಲ ಸಮಾಧಾನ ಹೇಳಿದ. ಮೀನಿನ ಹೊಟ್ಟೆ ಕೋರ್ಟಲ್ಲ ಎಂದ ಕನ್ನಡಕದವನು.

ಇದಾದ ಮರುತಿಂಗಳು ಬಣ್ಣದ ಮೀನಿನ ಅಂಗಡಿಗೆ ಒಂದು ಮ್ಯಾಂಡರಿನ್ ಬಂತು.

ಅಂಗಡಿಯವನು ಹೇಳಿ ಕಳಿಸಿದ. ಕನ್ನಡಕದವನು ಗಿರಾಕಿಯನ್ನು ಬೆಂಚಿನ ಮೇಲೆ ಕೂರಿಸಿ ಹೋದ. ಹೋಟೆಲಿನಲ್ಲಿ ಕಂಡ ಮೀನೇ ಇಷ್ಟು ವರ್ಷ ಕಾದಿದ್ದು ಬಂದಂತಿತ್ತು. ಬರಿಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ಕೊಳವೆ, ಒಂದು ಮೀನು. ಮೀನು ಗಾಜಿನ ಮೂಲೆಯನ್ನು ಕುಟುಕುತ್ತಿತ್ತು. ಅವನು ಬಗ್ಗಿ ನೋಡಿದ. ತಲೆಯ ಹಿಂದೆ ತಗ್ಗು ಇನ್ನೂ ಬಿದ್ದಿರಲಿಲ್ಲ.

ಮರುದಿನ ಅವನು ತನ್ನ ತೊಟ್ಟಿಯ ಹಿಂಬದಿಯ ಗಾಜಿನಲ್ಲಿ ಉಳಿದಿದ್ದ ರವೆಯನ್ನು ಒಂದು ಲೋಟ ನೀರಿನಲ್ಲಿ ಬಳಿದುಕೊಂಡು ಹೋಗಿ ಅಂಗಡಿಯ ಪೆಟ್ಟಿಗೆಗೆ ಸುರಿದ. ಅದರ ಮರುದಿನವೂ ಹಾಗೇ. ಸುರಿದದ್ದು ಅರ್ಧ ಗಂಟೆಗೆ ಸಾಲುತ್ತಿರಲಿಲ್ಲ. ಅವನ ಸ್ವಂತ ತೊಟ್ಟಿ ದಿನದಿನಕ್ಕೆ ಇನ್ನಷ್ಟು ಬರಿದಾಯಿತು.

ಅಂಗಡಿಯವನು ನೋಡಿ ನೋಡಿ ಸಾಕಾಗಿ ಹೇಳಿದ: "ರೋಗಿಗೆ ಗಂಜಿ ತಂದ ಹಾಗೆ ದಿನಾ ಲೋಟ ಹಿಡ್ಕೊಂಡು ಬರ್ಲಿಕ್ಕೆ ಇದು ಆಸ್ಪತ್ರೆಯಾ ರಾಯರೇ? ಮನೆಗೆ ಕರ್ಕೊಂಡು ಹೋಗಿ. ಇಲ್ಲಿ ಬರೀ ಗಾಜು. ನಿಮ್ಮಲ್ಲಿ ಕಲ್ಲಾದರೂ ಉಂಟು. ಇಲ್ಲಿದ್ದರೂ ಸಾಯ್ತದೆ. ನಿಮ್ಮಲ್ಲಾದರೆ ಪ್ರೀತಿ ಇರುವಲ್ಲಿ ಸಾಯ್ತದೆ."

ಈ ಮಾತಿನಲ್ಲಿ ಅವನಿಗೆ ತಪ್ಪು ಕಾಣಲಿಲ್ಲ. ಅದರಿಂದಲೇ ಅವನಿಗೆ ಭಯವಾಯಿತು. ತಾನು ಇಷ್ಟು ವರ್ಷ ಬಯಸಿದ್ದು ಈಗ ದಯೆಯ ಅಂಗಿ ತೊಟ್ಟು ಎದುರಿಗೆ ನಿಂತಿದೆ. ವಕೀಲ ವಾದ ಮಾಡಿದ್ದ. ತನಗೆ ಆ ಕಷ್ಟವೂ ಇಲ್ಲ, ಹೂಂ ಎಂದರೆ ಸಾಕು.

ಮನೆಗೆ ಬಂದು ತೊಟ್ಟಿಯ ಮುಂದೆ ಕೈಕಟ್ಟಿ ನಿಂತ. ಹೆಂಡತಿ ಪಕ್ಕದಲ್ಲಿ ಬಂದು ನಿಂತಳು. ಈ ಸಲ ಅವಳು ನಗಲಿಲ್ಲ. ತಂದುಬಿಡಿ, ಎಂದಳು. ನಿಮ್ಮ ಮುಖ ನೋಡಲಿಕ್ಕಾಗುವುದಿಲ್ಲ. ಒಂದು ತಿಂಗಳಾದರೂ ಕಣ್ತುಂಬ ನೋಡಿಕೊಳ್ಳಿ.

ಆ ಒಂದು ತಿಂಗಳು ಅವನ ಕಣ್ಣಿಗೆ ಕಟ್ಟಿತು. ಕಮಾನಿನ ಕೆಳಗಿಂದ ಅದು ಎರಡು ಹೆಜ್ಜೆ ಇಟ್ಟು ಹೊರಬರುವುದು. ದೀಪ ಹಾಕಿದಾಗ ನಿಂತು ನೋಡುವುದು. ಅವನು ಊಟಕ್ಕೆ ಕೂತ.

ಮರುದಿನ ಬೆಳಿಗ್ಗೆ ಅವನಿಗೆ ಒಂದು ಕನ್ನಡಕ ತಲುಪಿಸುವುದಿತ್ತು. ಬಂದರಿನ ಹಿಂದಿನ ಬೀದಿಯಲ್ಲಿ ಹೊಲಿಗೆ ಕ್ಲಾಸು ನಡೆಸುವ ವಿಧವೆಯೊಬ್ಬಳಿದ್ದಳು. ಸೂಜಿಗೆ ನೂಲು ಪೋಣಿಸಲು ಕಣ್ಣು ಸಾಲುತ್ತಿರಲಿಲ್ಲ. ಆಕೆಯ ಗಂಡ ಆ ಕೂಟ ಕಟ್ಟಿದವರಲ್ಲಿ ಒಬ್ಬ. ಅವನು ಹೋಗಿ ಮೂರು ವರ್ಷವಾಗಿತ್ತು. ಪಂಪು ನಿಲ್ಲಿಸಬೇಡ, ಇಳಿದಷ್ಟು ನೀರು ತುಂಬು ಎಂದು ಹೇಳಿ ಸತ್ತಿದ್ದ. ಆಕೆ ಪಂಪು ನಿಲ್ಲಿಸಲಿಲ್ಲ, ನೀರು ತುಂಬುವುದನ್ನೂ ಬಿಡಲಿಲ್ಲ. ಗಾಜು ಒರೆಸು ಎಂದು ಅವನು ಹೇಳಿರಲಿಲ್ಲ. ಆಕೆ ಒರೆಸಲಿಲ್ಲ. ಮೀನುಗಳು ಒಂದೊಂದಾಗಿ ಮುಗಿದುಹೋಗಿದ್ದವು. ಕೂಟದವರು ಆ ಬೀದಿಯಲ್ಲಿ ಹೋಗುವಾಗ, ಪಾಪ, ಎಂಥ ತೊಟ್ಟಿ ಹೇಗಾಯಿತು ಎನ್ನುತ್ತಿದ್ದರು. ಒಳಗೆ ಹೋಗಿ ನೋಡುವವರಿರಲಿಲ್ಲ.

ಆಕೆ ಹೊಸ ಕನ್ನಡಕ ಹಾಕಿಕೊಂಡು ಸೂಜಿ ತರಲು ಒಳಗೆ ಹೋದಳು. ಹಜಾರ ಇನ್ನೂ ಮಬ್ಬಾಗಿತ್ತು. ಕಣ್ಣು ಪರೀಕ್ಷೆಗೆಂದು ತಂದಿದ್ದ ಟಾರ್ಚು ಅವನ ಕೈಯಲ್ಲಿತ್ತು. ತೊಟ್ಟಿಗೆ ಬೆಳಕು ಬಿಟ್ಟ. ಹಸಿರು ಕಟ್ಟಿದ ಗಾಜಿನ ತುಂಬ ರವೆ ಚೆಲ್ಲಿ ಯಾರೋ ಊದಿದ ಹಾಗೆ ಹರಿದಾಡಿತು.

ಇವು ಯಾವಾಗಿನಿಂದ ಹೀಗಿವೆ ಎಂದು ಕೇಳಿದ.

"ಆ ಹುಳಗಳಾ? ಅವರು ಹೋದ ಮೇಲೆ ಬಂದದ್ದು," ಎಂದಳು ಆಕೆ, ಸೂಜಿಯನ್ನು ಬೆಳಕಿಗೆ ಹಿಡಿದು. "ಬಂದವು ಹೋಗಲೇ ಇಲ್ಲ ಮಾರಾಯ್ರೆ. ಕ್ಲಾಸಿನ ಹುಡುಗಿಯರು ಹೇಸಿಗೆ ಅಂತಾರೆ. ನಾನು ಅವರಿಗೆ, ತೊಟ್ಟಿಗೆ ಬೆನ್ನು ಹಾಕಿ ಕೂರಿ ಅಂತೇನೆ."

ಊರಿನಲ್ಲಿ ಸಿದ್ಧವಾದ ತೊಟ್ಟಿ ಒಂದೇ ಒಂದು ಇತ್ತು. ಅದು ಮೀನು ಬೇಡದವರ ಮನೆಯಲ್ಲಿತ್ತು.

ಆಕೆ ಅವನ ಮುಖ ನೋಡಿದಳು. ಕಲ್ಲು ಬೇಕಿದ್ದರೆ ಎಲ್ಲವನ್ನೂ ತೆಗೆದುಕೊಂಡು ಹೋಗಿ ಎಂದಳು. ಎರಡು ಹೊಲಿಗೆ ಯಂತ್ರ ಇಡಲು ಜಾಗವಾಗುತ್ತದೆ. ಕೊಡುವ ಮಾತು ಅಷ್ಟು ಸುಲಭವಾಗಿ ಬಂದದ್ದರಿಂದ ಅವನ ಕೈ ತಾನಾಗಿ ಮುಂದೆ ಹೋಗಿ ಮೇಲಿನ ಕಲ್ಲಿನ ಮೇಲೆ ಕೂತಿತು. ಕಲ್ಲು ತಣ್ಣಗಿತ್ತು. ಇದನ್ನು ಎತ್ತಿದರೆ ಸಂಜೆಗೆ ತನ್ನ ಮನೆಯಲ್ಲಿ. ನಾಳೆಗೆ ಕಮಾನಿನ ಕೆಳಗೆ ಮೀನು. ವಕೀಲನೂ ಹೀಗೇ ಒಂದು ಕಲ್ಲಿನ ಮೇಲೆ ಕೈ ಇಟ್ಟು ನಿಂತಿದ್ದಿರಬೇಕು.

ಕೈಯನ್ನು ನೀರಿನಿಂದ ತೆಗೆದು ಅವನು ಹೇಳಿದ: "ಕಲ್ಲು ಇಲ್ಲೇ ಇರಲಿ ಅಮ್ಮ. ಒಂದು ಮೀನು ತಂದು ಬಿಡುತ್ತೇನೆ."

"ನಾನು ನೋಡಿಕೊಳ್ಳುವವಳಲ್ಲ, ಈಗಲೇ ಹೇಳಿದ್ದೇನೆ."

"ನೋಡಿಕೊಳ್ಳುವುದು ಬೇಡ. ಈ ತನಕ ಮಾಡಿದ್ದನ್ನೇ ಮಾಡಿ."

ಅವನು ಬಣ್ಣದ ಮೀನಿನ ಅಂಗಡಿಗೆ ಹೋಗಿ ಮೀನನ್ನು ಕೊಂಡ. ಕೊನೆಗೂ ಬುದ್ಧಿ ಬಂತಲ್ಲ ಎಂದು ಅಂಗಡಿಯವನು ನೀರು ತುಂಬಿದ ಚೀಲಕ್ಕೆ ಎರಡು ಗಂಟು ಹಾಕಿ ಕೊಟ್ಟ. ಬಂದರಿನ ಹಿಂದಿನ ಬೀದಿಗೆ ಹೋಗುವ ದಾರಿ ಅವನ ಮನೆಯ ಮುಂದೆಯೇ ಹಾದು ಹೋಗುತ್ತದೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಗಂಡನ ಕೈಯಲ್ಲಿ ಚೀಲ ಕಂಡದ್ದೇ ಬಾಗಿಲಿನ ಎರಡೂ ರೆಕ್ಕೆ ತೆರೆದಳು.

"ಬಂದನಾ ಅಳಿಯ?" ಎಂದಳು.

"ಇವನ ಮನೆ ಬೇರೆ," ಎಂದ ಅವನು. ನಿಲ್ಲಲಿಲ್ಲ. ನಿಂತರೆ ಒಳಗೆ ಹೋಗುತ್ತೇನೆ ಎಂದು ಅವನಿಗೆ ಗೊತ್ತಿತ್ತು. ಬೀದಿಯ ತಿರುವಿನ ತನಕ ಬಾಗಿಲು ಮುಚ್ಚಿದ ಸದ್ದು ಕೇಳಲಿಲ್ಲ.

ವಿಧವೆಯ ಮನೆಯಲ್ಲಿ ಆಗಲೇ ಕ್ಲಾಸು ಶುರುವಾಗಿತ್ತು. ಹುಡುಗಿಯರು ಯಂತ್ರ ನಿಲ್ಲಿಸಿ ತಿರುಗಿ ನೋಡಿದರು. ಅವನು ಚೀಲವನ್ನು ನೀರಿನಲ್ಲಿ ತೇಲಿಬಿಟ್ಟು, ಒಳಗಿನ ನೀರಿಗೂ ಹೊರಗಿನ ನೀರಿಗೂ ಹೊಂದಿಕೆಯಾಗುವ ತನಕ ಕಾದು, ಗಂಟು ಬಿಚ್ಚಿದ. ಮೀನು ಕೆಳಗಿಳಿಯಿತು. ಕಲ್ಲಿನ ಮೇಲೆ ನಿಂತಿತು. ಎರಡು ಹೆಜ್ಜೆ ಇಟ್ಟು ಕುಟುಕಿತು. ಮತ್ತೆ ಕುಟುಕಿತು. ಅಲ್ಲಿಂದ ಮುಂದೆ ಹೋಗಲೇ ಇಲ್ಲ, ನಿಂತಲ್ಲೇ ಕುಟುಕುತ್ತಾ ಉಳಿಯಿತು. ಅಷ್ಟನ್ನು ಅವನು ಮೇಲಿನಿಂದ ಬಗ್ಗಿ ನೋಡಿದ. ಆಮೇಲೆ ಮುಂದೆ ಬಂದು ನಿಂತ. ಗಾಜಿನ ಹಸಿರು ದಪ್ಪಗಿತ್ತು. ನೀಲಿಯದೊಂದು ಮಬ್ಬು ಅಲ್ಲಾಡುವುದು ಕಂಡಿತು, ಅಷ್ಟೇ. ಹೋಟೆಲಿನ ಕಾವಲುಗಾರ ಕೂಡ ಅವನಿಗೆ ಇದಕ್ಕಿಂತ ಹೆಚ್ಚು ನೋಡಗೊಟ್ಟಿದ್ದ.

"ಅಷ್ಟು ಆಸೆಪಟ್ಟು ತಂದು ಹೀಗೆ ನೋಡುವುದೆಂತ?" ಎಂದಳು ಆಕೆ. "ಒಂದು ಕಡೆ ಒರೆಸಿಕೊಳ್ಳಿ. ಅವರ ಸ್ಪಂಜು ಅಲ್ಲೇ ಮೊಳೆಯಲ್ಲಿ ಉಂಟು."

ಅವನು ಸ್ಪಂಜಿನ ಕೋಲನ್ನು ಮೊಳೆಯಿಂದ ತೆಗೆದ. ಗಾಜಿನ ಹತ್ತಿರ ತಂದ. ಅಂಗೈ ಅಗಲದ ಒಂದು ಕಿಟಕಿ ಸಾಕಾಗಿತ್ತು. ಗಾಜಿನ ಆಚೆ ನೀಲಿ ಮಬ್ಬು ಇನ್ನೂ ಕುಟುಕುತ್ತಿತ್ತು. ಅವನು ಕೋಲನ್ನು ತಿರುಗಿ ಮೊಳೆಗೆ ಸಿಕ್ಕಿಸಿ, ಚಪ್ಪಲಿ ಹಾಕಿಕೊಂಡು, ಅಂಗಡಿ ತೆರೆಯಲು ಹೋದ.

ಗುರುಗಳು ಮಾತು ನಿಲ್ಲಿಸಿದರು. ಕತೆ ಇನ್ನೂ ಇದೆ ಎಂದು ಚಿದಂಬರ ಕಾದ. ಕನ್ನಡಕದವನ ತೊಟ್ಟಿ ಆಮೇಲಾದರೂ ಸಿದ್ಧವಾಯಿತೇ ಎಂದು ಕೇಳಬೇಕೆನಿಸಿತು.

ಗುರುಗಳು ಹೇಳಿದರು: "ನಾಳೆ ಆ ಹುಡುಗಿ ಬಂದಾಗ ತುಂಗಮ್ಮನ ಮನೆಯ ದಾರಿಯನ್ನು ನೀನು ತೋರಿಸುತ್ತೀಯೋ, ನಾನು ತೋರಿಸಲೋ?"